ಗ್ರೀಕರ ‘ಏನ’, ಧಾರವಾಡದ ‘ಏನ’

ನಾವು ಹೋಗುವ ದ್ವೀಪದ ಹೆಸರನ್ನು ನಾನು ಯಾರಿಗೂ ಹೇಳುವುದಿಲ್ಲ. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಗೆಳೆಯರ ಗುಂಪಿನಲ್ಲಿ ಯಾರಿಗಾದರೂ ಬಾಯಿತಪ್ಪಿ ಒಂದು ಜಾಗ ಚೆನ್ನಾಗಿದೆ ಎಂದರೆ ಸಾಕು, ಮುಂದಿನ ವರ್ಷ ಅಲ್ಲಿಯ ಸಮುದ್ರದಂಡೆಯ ಮೇಲೆ ಅಂತ್ಯಾಕ್ಷರಿ ನಡೆದಿರುತ್ತದೆ. ಗ್ರೀಸ್ ದೇಶದ್ದು, ಚಿಕ್ಕದು, ವಿಮಾನ ಇಳಿಯುವಷ್ಟು ಸಪಾಟು ನೆಲ ಅಲ್ಲಿಲ್ಲ, ಅಥೆನ್ಸಿನ ಬಂದರಿನಿಂದ ಹಡಗು ಹತ್ತಿ ಹೋಗಬೇಕು. ಇಷ್ಟು ಗೊತ್ತಾದರೆ ಸಾಕು.

ಮಗಳು ಮೇಘಾ ತಳ್ಳುಗಾಡಿಯಲ್ಲಿದ್ದಾಗಿನಿಂದ ಪ್ರತಿ ಬೇಸಿಗೆಯಲ್ಲಿ ಅಲ್ಲಿಗೇ ಹೋಗುತ್ತಿದ್ದೆವು. ಅದೇ ಮನೆ, ಅದೇ ಮಂಚ, ಅದೇ ಸೋರುವ ನಲ್ಲಿ. ಪ್ರತಿ ಸಲ ಹೊಸ ದೇಶ ನೋಡುವವರು ನಮ್ಮನ್ನು ನೋಡಿ ನಗುತ್ತಾರೆ. ನಗಲಿ. ಲಂಡನ್ನಿನಲ್ಲಿ ವರ್ಷವಿಡೀ ಓಡುವವರಿಗೆ ಕಣ್ಣುಮುಚ್ಚಿಕೊಂಡು ನಡೆದರೂ ಬಚ್ಚಲುಮನೆ ಸಿಗುವಂಥ ಒಂದು ಊರು ಬೇಕಾಗುತ್ತದೆ.

ಆಮೇಲೆ ಎರಡು ಬೇಸಿಗೆ ತಪ್ಪಿಹೋದವು. ನಮ್ಮನೆಯವರಿಗೆ ಸ್ಟ್ರೋಕ್ ಆಯಿತು. ದೊಡ್ಡದಲ್ಲ, ಕೈಕಾಲು ಬೇಗ ಸ್ವಾಧೀನಕ್ಕೆ ಬಂದವು. ಹೋದದ್ದು ಇಂಗ್ಲಿಷ್. ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ವಾದಿಸಿ, ಜಗಳಾಡಿ, ಜೋಕು ಹೊಡೆದು ಬರುತ್ತಿದ್ದ ಮನುಷ್ಯನಿಗೆ ‘ಫೋರ್ಕ್’ ಎನ್ನಲು ಎರಡು ನಿಮಿಷ ಬೇಕಾಯಿತು. ಕನ್ನಡಕ್ಕೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವರೇ ಅಚ್ಚ ಧಾರವಾಡದ ಮಾತಿನಲ್ಲಿ ಚಹಾ ಕೇಳಿದರು. ಒಂದು ಭಾಷೆ ಮೊದಲು ಬಂದು ಇನ್ನೊಂದು ತಡವಾಗಿ ಬರುವುದುಂಟು, ಮಾತಾಡುತ್ತಲೇ ಇರಬೇಕು ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದರು. ಇವರು ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರು. ಫೋನು ಬಂದರೆ ನನ್ನ ಕೈಗೆ, ಬಾಗಿಲು ಬಡಿದರೆ ನನ್ನ ಪಾಲಿಗೆ, ಡಾಕ್ಟರ ಹತ್ತಿರ ಹೋದರೆ ನಾನೇ ವಕೀಲೆ. ಟ್ರ್ಯಾಮಿನಲ್ಲಿ ಅಪರಿಚಿತರನ್ನು ಮಾತಾಡಿಸಿ ಅವರ ಮನೆಯ ಮದುವೆವರೆಗೂ ಹೋಗಿಬಂದವರು ಇವರು. ಅವರೇ ಈಗ ಕಿಟಕಿಗೆ ಮುಖ ಹಾಕಿ ಕೂರುತ್ತಿದ್ದರು.

ಈ ಸಲ ಹೋಗಿಬಿಡೋಣ ಎಂದವಳು ನಾನೇ. ಹೆದರಿದವಳೂ ನಾನೇ. ಆ ದ್ವೀಪದಲ್ಲಿ ಎಲ್ಲರೂ ಇವರನ್ನು ಬಲ್ಲದ್ದು ಇವರ ಮಾತಿನಿಂದ. ಅಲ್ಲಿಯೂ ಬಾಯಿ ಮುಚ್ಚಿಕೊಂಡು ಕೂತರೆ ನಾವು ಮರಳಿ ಹೋಗಲು ಇನ್ನೊಂದು ಜಾಗ ಉಳಿಯುವುದಿಲ್ಲ.

ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಒಣಗಿಸಿದ ಜೋಳದ ಖಟಕ ರೊಟ್ಟಿಯ ದಿಂಡು ಇತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿ, ಮುರಿಯದಿರಲಿ ಎಂದು ಎರಡು ಸ್ಟೀಲ್ ತಾಟಿನ ನಡುವೆ ಇಟ್ಟು ಕಟ್ಟಿದ್ದೆ. ತಪಾಸಣೆಯ ಯಂತ್ರದಲ್ಲಿ ಅದು ಏನಾಗಿ ಕಂಡಿತೋ, ಚೀಲವನ್ನು ಪಕ್ಕಕ್ಕೆ ಎಳೆದರು. ಚೀಲದ ಹತ್ತಿರ ನಿಂತಿದ್ದವರು ಇವರು. ನಾನು ಇನ್ನೂ ಆಚೆ ಕಡೆ ಬೂಟು ಬಿಚ್ಚುತ್ತಿದ್ದೆ.

“ವಾಟ್ ಈಸ್ ದಿಸ್, ಸರ್?” ಎಂದು ಅಧಿಕಾರಿ ಸೌಜನ್ಯದಿಂದಲೇ ಕೇಳಿದ.

ಇವರು ಬಾಯಿ ತೆರೆದರು. “ಬ್ರೆ…” ಎಂದರು. ಮತ್ತೆ “ಬ್ರೆ…” ಎಂದರು. ಅಧಿಕಾರಿ ಕಾಯ್ದ. ಹಿಂದಿದ್ದವರು ತಮ್ಮ ಟ್ರೇಯನ್ನು ಮುಂದಕ್ಕೆ ನೂಕಿದರು. ಇವರು ತಿರುಗಿ ನನ್ನನ್ನು ಹುಡುಕಿದರು. ನಾನು ಒಂದೇ ಬೂಟಿನಲ್ಲಿ ಕುಂಟುತ್ತ ಓಡಿ, ಅದು ಬ್ರೆಡ್ಡು, ಒಣ ಬ್ರೆಡ್ಡು, ನನ್ನ ಗಂಡನಿಗೆ ಸ್ಟ್ರೋಕ್ ಆಗಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವನು ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ, ಅದು ಹಂಚಿನ ಹಾಗೆ ಸದ್ದು ಮಾಡಿತು, ನಕ್ಕು ಬಿಟ್ಟುಬಿಟ್ಟ.

ವಿಮಾನದಲ್ಲಿ ಕೂತ ಮೇಲೆ ಇವರು ಮೆಲ್ಲಗೆ ಕೇಳಿದರು: “ಎಲ್ಲಾರಿಗೂ ಅದನ್ನ ಯಾಕ ಹೇಳ್ತಿ?”

“ಮತ್ತೇನ ಹೇಳ್ಬೇಕ್ರಿ? ಹಿಂದ ಅಷ್ಟು ಮಂದಿ ನಿಂತಿದ್ರು.”

“ರೊಟ್ಟಿ ಅಂತ ಹೇಳಿದ್ರ ಸಾಕಾಗಿತ್ತು,” ಎಂದು ಕಣ್ಣು ಮುಚ್ಚಿದರು.

ಹಡಗು

ಗ್ರೀಕ್ ಹಡಗುಗಳಲ್ಲಿ ಜನ ತಮ್ಮ ಮನೆಯನ್ನೇ ಹೊತ್ತು ಹೋಗುತ್ತಾರೆ. ನಮ್ಮ ಪಕ್ಕದ ಅಜ್ಜಿಯ ಬಳಿ ಕೋಳಿಯ ಬುಟ್ಟಿ, ಒಂದು ಟೇಬಲ್ ಫ್ಯಾನು, ಬುಡಕ್ಕೆ ಮಣ್ಣು ಕಟ್ಟಿದ ನಿಂಬೆಗಿಡ ಇದ್ದವು. ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಕಂಡಷ್ಟು ಸಾಮಾನು. ಲಂಡನ್ನಿನ ಟ್ಯೂಬಿನಲ್ಲಿ ಪಕ್ಕದವರ ಮೊಣಕೈ ತಗುಲಿದರೆ ಇಬ್ಬರೂ ಸಾರಿ ಹೇಳುತ್ತೇವಲ್ಲ. ಈ ಅಜ್ಜಿ ನನ್ನ ಹೆಗಲಿಗೆ ತಲೆಯಿಟ್ಟು ಗಡದ್ದಾಗಿ ನಿದ್ದೆ ಹೊಡೆದಳು. ನನಗೆ ಬಹಳ ಹಿತವೆನಿಸಿತು.

ಗಾಳಿ ಜೋರಾಗಿತ್ತು. ದ್ವೀಪದ ಬೋಳುಗುಡ್ಡ, ಅದರ ಮೇಲಿನ ಬಿಳಿ ಮನೆಗಳು ಕಾಣತೊಡಗಿದಾಗ ಮೇಘಾ ಕುಣಿದಳು. ಅವಳಿಗೀಗ ಹದಿನೇಳು, ಕುಣಿಯುವುದು ಅಪರೂಪ. ಇವರು ಮಾತ್ರ ಕಂಬಿ ಹಿಡಿದು ನಿಂತು ನನಗೆ ಹೇಳಿದರು: “ನಾ ಮನ್ಯಾಗ ಇರ್ತೀನಿ. ಚೌಕಕ್ಕ ಬರಂಗಿಲ್ಲ. ಮಿಖಾಲಿಸ ಕೇಳಿದ್ರ ಅರಾಮಿಲ್ಲಂತ ಹೇಳ.”

ಮಿಖಾಲಿಸ್ ಚೌಕದಲ್ಲಿ ಊಟದ ಅಂಗಡಿ ಇಟ್ಟವನು, ಮೊದಲು ಸರಕಿನ ಹಡಗಿನಲ್ಲಿ ದುಡಿದವನು. ಅವನ ಇಂಗ್ಲಿಷ್ ಬಂದರಿನಿಂದ ಬಂದರಿಗೆ ಹೆಕ್ಕಿದ್ದು. ಆ ಹರಕು ಇಂಗ್ಲಿಷಿನಲ್ಲೇ ಇಬ್ಬರೂ ಮಧ್ಯಾಹ್ನವೆಲ್ಲ ತಾವ್ಲಿ ಆಡುತ್ತಿದ್ದರು. ತಾವ್ಲಿ ಎಂದರೆ ನಮ್ಮ ಪಗಡೆಯ ಹಾಗೆ ದಾಳ ಎಸೆದು ಕಾಯಿ ನಡೆಸುವ ಆಟ. ಆಡುತ್ತ ಸರ್ಕಾರಗಳನ್ನು ಬೀಳಿಸುತ್ತಿದ್ದರು, ಹೆಂಡಂದಿರ ಮೇಲೆ ಚಾಡಿ ಹೇಳುತ್ತಿದ್ದರು. ನಾನು “ಆಯ್ತು ಬಿಡ್ರಿ” ಎಂದೆ.

ಸ್ತಮತಿಯಾ ಅವರ ಮನೆ

ನಮಗೆ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುವ ಸ್ತಮತಿಯಾ ಎಪ್ಪತ್ತು ದಾಟಿದ ವಿಧವೆ. ಆಕೆಗೆ ಇಂಗ್ಲಿಷಿನ ಒಂದು ಅಕ್ಷರವೂ ಬಾರದು. ಇದು ಇಷ್ಟು ದೊಡ್ಡ ವರವೆಂದು ನನಗೆ ಮೊದಲು ತಿಳಿದಿರಲಿಲ್ಲ. ಬಾಗಿಲಲ್ಲೇ ಇವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಗ್ರೀಕಿನಲ್ಲಿ ಮಳೆ ಸುರಿಸಿದಳು. ಎರಡು ವರ್ಷ ಎಲ್ಲಿ ಹಾಳಾಗಿಹೋಗಿದ್ದಿರಿ ಎಂದಿರಬೇಕು. ಯಾವ ಭಾಷೆಯಲ್ಲಿ ಬೈದರೂ ಬೈಗುಳದ ಧಾಟಿ ಗೊತ್ತಾಗುತ್ತದೆ. ಇವರು ತಲೆಯಾಡಿಸುತ್ತ ನಿಂತರು. ಉತ್ತರ ಕೊಡಬೇಕೆಂದು ಆಕೆಯೂ ಕಾಯಲಿಲ್ಲ.

ಗೇಟಿಗೆ ಬೇರೆ ಬಣ್ಣ ಬಂದಿತ್ತು. ಹಳೆಯ ಬೆಕ್ಕು ಸತ್ತು ಅದರ ಮೊಮ್ಮಕ್ಕಳು ಕಟ್ಟೆ ಏರಿದ್ದವು. ಉಳಿದದ್ದೆಲ್ಲ ಹಾಗೇ ಇತ್ತು. ಚಮಚ ಇರುವ ಡ್ರಾಯರಿನಲ್ಲೇ ಚಮಚ. ನಲ್ಲಿ ಸೋರುತ್ತಲೇ ಇತ್ತು, ಅದರ ಕೆಳಗೆ ಆಕೆ ಇಡುವ ಸೊಟ್ಟ ಬೋಗುಣಿಯೂ ಇತ್ತು. ನಾನು ಶೇಂಗಾ ಚಟ್ನಿಯ ಡಬ್ಬಿಯನ್ನು ಕಪಾಟಿನಲ್ಲಿ ಅದರ ಮಾಮೂಲು ಜಾಗದಲ್ಲಿಟ್ಟೆ, ಕಿಟಕಿ ತೆರೆದೆ, ಮಂಚದ ಮೇಲೆ ಬಿದ್ದುಕೊಂಡೆ. ಎರಡು ವರ್ಷದಿಂದ ಬಿಗಿಹಿಡಿದಿದ್ದ ಬೆನ್ನು ಒಂದೇ ಸಲಕ್ಕೆ ಸಡಿಲವಾಯಿತು. ಏನೂ ಸರಿಹೋಗಿರಲಿಲ್ಲ, ಆದರೂ ಅಬ್ಬಾ ಎನಿಸಿತು. ಇವರು ಪಕ್ಕದ ಬಾಲ್ಕನಿಯಲ್ಲಿ ಬೆಕ್ಕಿಗೆ “ಏ, ಏಳ ಅಲ್ಲಿಂದ, ಅದು ನನ್ನ ಕುರ್ಚಿ” ಎನ್ನುತ್ತಿದ್ದರು. ಅದು ಏಳಲಿಲ್ಲ.

ಚೌಕ

ಮರುದಿನ ಸಂಜೆ ಮೇಘಾ ಅಪ್ಪನ ಕೈ ಹಿಡಿದು ಎಳೆದುಕೊಂಡೇ ಬಂದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಪ್ಪಾ, ಯು ಡೋಂಟ್ ಹ್ಯಾವ್ ಟು ಟಾಕ್. ಜಸ್ಟ್ ಈಟ್,” ಎಂದು ಅಭಯ ಕೊಟ್ಟಿದ್ದಳು.

ಮಿಖಾಲಿಸ್ ಒಳಗೆ ಒಲೆಯ ಮುಂದಿದ್ದ, ನಮ್ಮನ್ನು ನೋಡಲಿಲ್ಲ. ಹೊರಗೆ ಬಡಿಸುತ್ತಿದ್ದವಳು ಅವನ ತಂಗಿ, ಈ ವರ್ಷವಷ್ಟೇ ಅಥೆನ್ಸಿನಿಂದ ಬಂದವಳು, ನಮ್ಮನ್ನು ಅರಿಯದವಳು. ನಾನು ಅವರಿಬ್ಬರನ್ನು ಕೂರಿಸಿ ಕೈತೊಳೆಯಲು ಹೋದೆ. ಹಾಗೆ ಹೋದದ್ದೇ ಒಳ್ಳೆಯದಾಯಿತು.

ನಾನಿಲ್ಲದಾಗ ನಡೆದದ್ದನ್ನು ಆಮೇಲೆ ಎಲ್ಲರ ಬಾಯಿಂದ ಕೇಳಿದೆ. ಆಕೆ ಬಂದು, ಆ ದಿನ ಮಾಡಿದ ತಿನಿಸುಗಳನ್ನು ಒಂದೊಂದಾಗಿ ಗ್ರೀಕಿನಲ್ಲಿ ಹೇಳಿದ್ದಾಳೆ. ಗಾಳಿ, ಗದ್ದಲ, ಮೇಲೆ ಗ್ರೀಕು. ಆಕೆ ಒಂದು ಹೆಸರು ಹೇಳಿದಾಗ ಇವರು ಮಗಳ ಕಡೆ ತಿರುಗಿ “ಏನ?” ಎಂದಿದ್ದಾರೆ. ಫೋನು ನೋಡುತ್ತಿದ್ದ ಮಗಳು ಕೇಳಿಸಿಕೊಂಡಿಲ್ಲ. ಆಕೆ ತಲೆಯಾಡಿಸಿ ಮುಂದಿನದನ್ನು ಹೇಳಿದ್ದಾಳೆ. ಇವರು ಮತ್ತೆ “ಏನ?” ಎಂದಿದ್ದಾರೆ. ಆಕೆ ಇನ್ನೂ ಖುಷಿಯಾಗಿ ಮುಂದಿನದಕ್ಕೆ ಹೋಗಿದ್ದಾಳೆ. ಹೀಗೆ ಅಡುಗೆಮನೆ ಖಾಲಿಯಾಗುವವರೆಗೆ ನಡೆದಿದೆ.

ನಾನು ಬಂದು ನೋಡಿದರೆ ನಮ್ಮ ಮೇಜಿನ ಮೇಲೆ ಒಂದು ಆಕ್ಟೋಪಸ್ ಕಾಲು ಮಡಚಿಕೊಂಡು ಮಲಗಿತ್ತು. ಪಕ್ಕದಲ್ಲಿ ಒಂದು ತಟ್ಟೆ ಮೀನು, ಒಂದು ತಟ್ಟೆ ಮಾಂಸದುಂಡೆ, ಮತ್ತೊಂದರಲ್ಲಿ ಉಂಗುರದಂತೆ ಕೊಯ್ದ ಯಾವುದೋ ಜಲಚರ. ನಾವು ಮನೆಯಲ್ಲಿ ತತ್ತಿಯನ್ನೂ ಒಳಗೆ ಬಿಡದ ಲಿಂಗಾಯತರು.

“ಏನ್ರೀ ಇದು!” ಎಂದು ನಾನು ಕಿರುಚಿದೆ.

ತಂಗಿ ಒಳಗಿನಿಂದ ಓಡಿಬಂದಳು. ‘ಏನ’ ಎನ್ನುವುದು ಅವಳ ಕಿವಿಗೆ ಬಿದ್ದಿತ್ತು. ಈಗ ನನಗೂ ಒಂದು ಬೇಕೇ ಎಂದು ಆಕ್ಟೋಪಸ್ಸಿನ ಕಡೆ ಕೈ ತೋರಿಸಿದಳು.

ಗದ್ದಲ ಕೇಳಿ ಮಿಖಾಲಿಸ್ ಹೊರಗೆ ಬಂದ. ಇವರನ್ನು ಕಂಡವನೇ ಎಣ್ಣೆಗೈಯಲ್ಲೇ ತಬ್ಬಿಕೊಂಡ. ಇವರು ಏನೋ ಹೇಳಲು ಹೋಗಿ ತಡವರಿಸಿದರು, ನಾನು ಎಂದಿನಂತೆ ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ತಂಗಿಯ ಜಗಳ ಹತ್ತಿತು. ಇವರು ಮಾಂಸ ಮುಟ್ಟುವುದಿಲ್ಲ, ಇದನ್ನೆಲ್ಲ ಯಾಕೆ ತಂದೆ ಎಂದು ಅವನು. ತಾನಾಗಿ ತಂದಿಲ್ಲ, ಈ ಮನುಷ್ಯ ಪ್ರತಿಯೊಂದಕ್ಕೂ ಬಾಯಿಬಿಟ್ಟು ಹೇಳಿದ ಎಂದು ಅವಳು, ಇವರ ದನಿಯನ್ನೇ ಅನುಕರಿಸಿ: “ಏನ! ಏನ! ಏನ!”

ಮೇಘಾ ಫೋನು ಕೆಳಗಿಟ್ಟಳು. ರೈಲಿನಲ್ಲಿ ಕಾಲೇಜಿಗೆ ಹೋಗುತ್ತ ಗ್ರೀಕಿನ ಅಂಕಿಗಳನ್ನು ಕಲಿತಿದ್ದಳು. “ಓ ಮೈ ಗಾಡ್. ಅಪ್ಪಾ, ‘ಏನ’ ಮೀನ್ಸ್ ಒನ್! ಯು ಆರ್ಡರ್ಡ್ ಒನ್ ಆಫ್ ಎವ್ರಿಥಿಂಗ್!”

ಇವರು ಅವಳನ್ನು ನೋಡಿದರು. ಆಕ್ಟೋಪಸ್ಸನ್ನು ನೋಡಿದರು. ಆಮೇಲೆ ನಕ್ಕರು. ಹೊಟ್ಟೆಯೊಳಗಿಂದ ಎದ್ದ ನಗು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಆ ಎಂಟು ಕಾಲುಗಳನ್ನು ನೋಡಿ ಮತ್ತೆ ನಕ್ಕರು. ಎರಡು ವರ್ಷದಿಂದ ನಾನು ಈ ನಗುವನ್ನು ಕೇಳಿರಲಿಲ್ಲ. ಮಿಖಾಲಿಸನಿಗೆ ವಿಷಯ ತಿಳಿದಾಗ ಅವನು ಚೌಕದ ಎಲ್ಲ ಮೇಜುಗಳಿಗೂ ಹೋಗಿ ಹೇಳಿ ಬಂದ. ಧಾರವಾಡದವರು ಮಾತು ಕೇಳಿಸದೆ ‘ಏನ’ ಎಂದರೆ ಗ್ರೀಸಿನಲ್ಲಿ ಒಂದು ತಿನಿಸು ಕೇಳಿದಂತಾಗುತ್ತದೆ ಎಂಬುದು ಆ ಊರಿಗೆಲ್ಲ ಗೊತ್ತಾಯಿತು. ಮೀನನ್ನು ಅಕ್ಕಪಕ್ಕದ ಮೇಜಿನವರು ಹಂಚಿಕೊಂಡರು, ಆಕ್ಟೋಪಸ್ಸಿನ ಒಂದೆರಡು ಕಾಲು ಬೆಕ್ಕುಗಳ ಪಾಲಾದವು. ನಾವು ಮೊಸರು, ಸೌತೆಕಾಯಿ, ಆಲೂಗಡ್ಡೆ ತಿಂದು ಮನೆಗೆ ಬಂದೆವು.

ಬ್ರೆಡ್ಡಿನ ಅಂಗಡಿ

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಇವರಿರಲಿಲ್ಲ. ಗಾಬರಿಯಾಗಿ ಬಾಲ್ಕನಿಗೆ ಬಂದರೆ, ಕೆಳಗಿನ ಓಣಿಯಿಂದ ಕಂಕುಳಲ್ಲಿ ಒಂದು ಬಿಸಿ ಬ್ರೆಡ್ಡು ಇಟ್ಟುಕೊಂಡು ಬರುತ್ತಿದ್ದರು. ಒಬ್ಬರೇ ಹೋಗಿದ್ದರು, ಒಬ್ಬರೇ ಕೇಳಿ ತಂದಿದ್ದರು. ನನಗೆ ಆದ ಸಂತೋಷವನ್ನು ತೋರಿಸಿದರೆ ಎಲ್ಲಿ ನಾಚಿಕೊಳ್ಳುತ್ತಾರೋ ಎಂದು ಗೃಹಿಣಿಯ ಹಾಗೆ ತಕರಾರು ತೆಗೆದೆ.

“ಒಂದ ತಂದೀರಲ್ಲ, ಮೂರು ಮಂದಿಗೆ ಎಲ್ಲಿ ಸಾಕಾಗ್ತದ?”

“ಎರಡಕ್ಕ ಏನಂತಾರೋ ನನಗ ಗೊತ್ತಿಲ್ಲ. ತಡಿ,” ಎಂದು ಬ್ರೆಡ್ಡನ್ನು ನನ್ನ ಕೈಗಿಟ್ಟು ಮತ್ತೆ ಹೋದರು. ಅಂಗಡಿಯವನ ಮುಂದೆ ನಿಂತು ಮತ್ತೆ “ಏನ” ಎಂದು ಇನ್ನೊಂದು ತಂದರು.

ಮೇಘಾ ಎರಡಕ್ಕೆ ‘ದಿಯೋ’ ಎನ್ನಬೇಕೆಂದು ಹೇಳಿಕೊಟ್ಟಳು. ಇವರು ಕಲಿಯಲು ಒಪ್ಪಲಿಲ್ಲ. ದಿನಾ ಎರಡು ಸಲ ಹೋದರು. ಮೊದಲ ಸಲ ಹೋದಾಗಲೇ ಅಂಗಡಿಯವನು ಎರಡನೆಯ ಬ್ರೆಡ್ಡನ್ನು ಕಟ್ಟಿ ಪಕ್ಕಕ್ಕೆ ಇಡುತ್ತಿದ್ದನಂತೆ, ಆದರೆ ಕೈಗೆ ಕೊಡುತ್ತಿರಲಿಲ್ಲವಂತೆ. ಎರಡನೆಯ ಸಲ ಬಂದು ಕೇಳಿದ ಮೇಲೆಯೇ ಕೊಡುವುದು ಅವನಿಗೂ ಆಟವಾಗಿತ್ತು.

ಕ್ರೋಯ್ಡನ್ನಿನ ಅಂಗಡಿಯಲ್ಲಿ ಇವರು ಒಂದು ಶಬ್ದಕ್ಕೆ ತಡಕಾಡಿದರೆ ಹಿಂದಿನ ಸಾಲು ಉಸಿರು ಬಿಡುವುದು ಕೇಳಿಸುತ್ತದೆ. ಗಲ್ಲೆಯ ಹುಡುಗಿ ಮುಗುಳ್ನಕ್ಕು “ನೋ ವರೀಸ್” ಎನ್ನುತ್ತಾಳೆ, ಅದನ್ನು ಕೇಳಿದ ಮೇಲೆಯೇ ನಮಗೆ ಚಿಂತೆ ಹತ್ತುತ್ತದೆ. ಇಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಇಂಗ್ಲಿಷ್ ಯಾರಿಗೂ ಸರಿಯಾಗಿ ಬಾರದು. ಎಲ್ಲರೂ ಕೈ ಆಡಿಸಿ, ಹುಬ್ಬು ಏರಿಸಿ, ಬೆರಳು ಮಡಚಿ ಮಾತಾಡುವವರೇ. ಆ ಜಾತ್ರೆಯಲ್ಲಿ ಇವರೊಬ್ಬರು ಬೇರೆಯಾಗಿ ಕಾಣಲೇ ಇಲ್ಲ.

ಮಧ್ಯಾಹ್ನದ ತಾವ್ಲಿ ಮತ್ತೆ ಶುರುವಾಯಿತು. ಈ ಸಲ ಇವರು ಕನ್ನಡದಲ್ಲಿ, ಅವನು ಗ್ರೀಕಿನಲ್ಲಿ. ದಾಳ ಸರಿಯಾಗಿ ಬೀಳದಿದ್ದರೆ ಅವನು “ಎಲಾ, ಎಲಾ!” ಎಂದು ದಾಳವನ್ನು ಕರೆಯುತ್ತಿದ್ದ, ಗ್ರೀಕಿನಲ್ಲಿ ಅದು ಬಾ ಎನ್ನುವ ಮಾತು. ಅವನ ಕಾಯಿ ಮುಂದೆ ಹೋದಾಗ ಇವರೂ “ಎಲಾ ಇವನ!” ಎನ್ನುತ್ತಿದ್ದರು. ಬರಬರುತ್ತ ನಡುವೆ ಇಂಗ್ಲಿಷಿನ ತುಂಡುಗಳೂ ಬಂದವು. ಮಿಖಾಲಿಸನಿಗೂ ಶಬ್ದ ಸಿಗದೆ ಆಕಾಶ ನೋಡುವ ರೂಢಿಯಿತ್ತು. ಇಬ್ಬರೂ ಒಬ್ಬರ ಶಬ್ದಕ್ಕೆ ಒಬ್ಬರು ಕಾಯುತ್ತಿದ್ದರು, ಆತುರವಿರಲಿಲ್ಲ.

ಆದರೆ ನಾನು ಪೂರ್ತಿ ನಿರಾಳವಾಗಿರಲಿಲ್ಲ. ಪಕ್ಕದ ಮನೆಗೆ ಬಂದಿಳಿದ ಇಂಗ್ಲಿಷ್ ದಂಪತಿ ಗೋಡೆಯಾಚೆಯಿಂದ ಲವಲವಿಕೆಯಿಂದ ಗುಡ್ ಮಾರ್ನಿಂಗ್ ಎಂದರೆ ಇವರು ತಟ್ಟನೆ ಒಳಗೆ ಬಂದುಬಿಡುತ್ತಿದ್ದರು. ಇಂಗ್ಲಿಷ್ ಬಲ್ಲವರೆದುರು ಬಾಯಿ ಹೊಲಿದುಕೊಂಡಂತೆಯೇ ಇತ್ತು. ಲಂಡನ್ನಿಗೆ ಹಿಂತಿರುಗಿದ ಮೇಲೆ ಎಲ್ಲ ಮೊದಲಿನಂತೆಯೇ ಆಗುತ್ತದೆಂದು ನನಗೆ ಒಳಗೊಳಗೇ ಅಳುಕು.

ಕಲ್ಲುದಂಡೆ

ಮನೆಯ ಕೆಳಗೆ ಬಂಡೆಗಳಿಂದ ಸೀದಾ ನೀರಿಗೆ ಇಳಿಯುವ ಜಾಗವಿದೆ. ಒಂದು ಮಧ್ಯಾಹ್ನ ಮೇಘಾ ಸ್ತಮತಿಯಾರ ಮೊಮ್ಮಗಳ ಜೊತೆ ದೋಣಿಯಲ್ಲಿ ಆಚೆ ಕೊಲ್ಲಿಗೆ ಹೋಗಿದ್ದಳು. ನಾವಿಬ್ಬರೇ ಇದ್ದೆವು. ನೀರಿನಿಂದ ಮೇಲೆ ಬರುತ್ತ ನಾನು ಕಾಲಿಟ್ಟದ್ದು ಕಲ್ಲಿನ ಮೇಲಲ್ಲ, ಕಪ್ಪು ಚೆಂಡಿನಂಥ, ಮೈತುಂಬ ಮುಳ್ಳಿರುವ ಒಂದು ಪ್ರಾಣಿಯ ಮೇಲೆ. ಅಂಗಾಲಿಗೆ ಮುಷ್ಟಿಯಷ್ಟು ಸೂಜಿ ಚುಚ್ಚಿದಂತಾಯಿತು. ಚಿಕ್ಕಂದಿನಲ್ಲಿ ಜಾಲಿಮುಳ್ಳು ತುಳಿದವಳು ನಾನು. ಇದರೆದುರು ಅದು ಏನೇನೂ ಅಲ್ಲ. ಕಾಲು ಊರಲಾಗದೆ ಬಂಡೆಯ ಮೇಲೆ ಕೂತುಬಿಟ್ಟೆ. ಫೋನು ಮನೆಯಲ್ಲಿತ್ತು.

“ಸುಮಾ, ಅಲ್ಲೇ ಕೂಡು, ಅಳ್ಳಾಡಬ್ಯಾಡ. ನಾ ಮಂದೀನ ಕರಕೊಂಡ ಬರ್ತೀನಿ,” ಎಂದು ಇವರು ಏರು ಹತ್ತಿದರು.

ಔಷಧ ಅಂಗಡಿ ಚೌಕದ ಆಚೆ ಬದಿಗಿದೆ. ಅಲ್ಲಿಯ ಔಷಧಗಾರ್ತಿ ಇಂಗ್ಲೆಂಡಿನಲ್ಲಿ ಓದಿ ಬಂದವಳು, ನನಗಿಂತ ಚೊಕ್ಕ ಇಂಗ್ಲಿಷ್ ಆಡುವವಳು. ಇವರು ಅವಳ ಮುಂದೆ ನಿಂತು ಏನು ಹೇಳುತ್ತಾರೆ? ಈ ಪ್ರಾಣಿಗೆ ಗ್ರೀಕಿನಲ್ಲಿ ಏನೆನ್ನುತ್ತಾರೋ ನಮಗೆ ತಿಳಿಯದು. ಧಾರವಾಡಕ್ಕೆ ಸಮುದ್ರವೇ ಇಲ್ಲ, ಹಾಗಾಗಿ ಕನ್ನಡದಲ್ಲೂ ಇದಕ್ಕೆ ನಮ್ಮ ಬಳಿ ಹೆಸರಿಲ್ಲ. ಮಾತು ಸಿಗದೆ ಅಂಗಡಿಯ ಹೊರಗೇ ನಿಂತುಬಿಟ್ಟರೆ? ಅಥವಾ ಆ ಏರಿನಲ್ಲಿ, ಬಿಸಿಲಿನಲ್ಲಿ, ತಲೆಸುತ್ತಿ ಬಿದ್ದರೆ? ಕಾಲಿನ ನೋವನ್ನು ಮರೆತು ನಾನು ದಾರಿಯನ್ನೇ ನೋಡುತ್ತ ಕೂತೆ.

ಬಹಳ ಹೊತ್ತಿನ ಮೇಲೆ ಮೆರವಣಿಗೆಯೇ ಇಳಿದು ಬಂತು. ಮುಂದೆ ಇವರು, ಕೈ ಬೀಸಿ ದಾರಿ ತೋರಿಸುತ್ತ. ಹಿಂದೆ ಚಿಮುಟ, ಹತ್ತಿ ಹಿಡಿದ ಔಷಧಗಾರ್ತಿ. ಅವಳ ಹಿಂದೆ ಆಲಿವ್ ಎಣ್ಣೆಯ ಬಾಟಲಿ ಹಿಡಿದ ಸ್ತಮತಿಯಾ. ಎಲ್ಲರಿಗಿಂತ ಹಿಂದೆ ಮಿಖಾಲಿಸ್, ನನ್ನನ್ನು ಕೂರಿಸಿ ಹೊತ್ತೊಯ್ಯಲು ತನ್ನ ಅಂಗಡಿಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು.

ಔಷಧಗಾರ್ತಿ ನಗು ತಡೆಯುತ್ತ ನನ್ನ ಕಾಲಬಳಿ ಕೂತಳು. ನಿಮ್ಮ ಗಂಡ ಬಂದು, ನನ್ನ ಹೆಂಡತಿ ಸಮುದ್ರದಲ್ಲಿ ಹಂದಿ ತುಳಿದಿದ್ದಾಳೆ ಎಂದರು, ಎಂದಳು. ಆ ಪ್ರಾಣಿಗೆ ಹೆಸರು ಸಿಗದೆ ಮುಳ್ಳುಹಂದಿ ಎಂದುಕೊಂಡು, ಆ ಶಬ್ದವನ್ನು ಇವರು ಬಿಡಿಸಿ ಇಂಗ್ಲಿಷಿಗೆ ದಾಟಿಸಿದ್ದರು. “ಪಿಗ್,” ಆಮೇಲೆ “ಸೀ,” ಆಮೇಲೆ ಬಹಳ ಹುಡುಕಿ “ನೀಡಲ್.” ಅವಳಿಗೆ ಅರ್ಥವಾಗುವವರೆಗೆ ಅಲ್ಲಿಂದ ಕದಲಿರಲಿಲ್ಲವಂತೆ.

ಸ್ತಮತಿಯಾ ನನ್ನ ಅಂಗಾಲಿಗೆ ಧಾರಾಳವಾಗಿ ಎಣ್ಣೆ ಸುರಿದಳು. ಎಣ್ಣೆಗೆ ಮುಳ್ಳು ತಾನಾಗಿ ಜಾರಿ ಬರುತ್ತದೆಂದು ಅವರ ನಂಬಿಕೆ. ಕ್ರೋಯ್ಡನ್ನಿನಲ್ಲಿ ನನ್ನದೂ ಔಷಧ ಅಂಗಡಿಯ ಕೆಲಸವೇ, ಹಾಗಾಗಿ ನನಗೆ ತಕ್ಷಣ ನೂರು ಆಕ್ಷೇಪಣೆ ಹುಟ್ಟಿದವು. ಅಷ್ಟರಲ್ಲಿ ಔಷಧಗಾರ್ತಿ ಚುರುಕು ಇಂಗ್ಲಿಷಿನಲ್ಲಿ ಕೇಳಿದಳು: ಯಾವುದಾದರೂ ಅಲರ್ಜಿ ಇದೆಯೇ, ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ, ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು.

ನಾನು ಬಾಯಿ ತೆರೆದೆ. ಇವರು ನನ್ನ ಕಡೆ ಅಂಗೈ ತೋರಿಸಿ ತಡೆದರು. “ನೀ ಸುಮ್ನಿರು. ನಾ ಹೇಳ್ತೀನಿ.”

ಎಲ್ಲರೂ ಇವರನ್ನೇ ನೋಡಿದರು. ಮಿಖಾಲಿಸ್ ಕುರ್ಚಿಯನ್ನು ತಲೆಯಿಂದ ಇಳಿಸದೆ ಕಾಯ್ದ. ಇವರು ಶಬ್ದಕ್ಕಾಗಿ ಸಮುದ್ರ ನೋಡಿದರು, ಬೆರಳನ್ನು ಗಾಳಿಯಲ್ಲಿ ಆಡಿಸಿದರು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಕುದಿಯುತ್ತಿತ್ತು; ಹಲ್ಲು ಕಚ್ಚಿ ಹಿಡಿದುಕೊಂಡೆ.

“ನೋ ಅಲರ್ಜಿ,” ಎಂದರು. “ಟೆಟನಸ್… ಲಾಸ್ಟ್ ಇಯರ್. ಇನ್ ಗಾರ್ಡನ್ ಶೀ… ಕಟ್ ಹ್ಯಾಂಡ್.” ಸ್ವಲ್ಪ ತಡೆದು, ಉಸಿರೆಳೆದು, ಒಂದೊಂದೇ ಶಬ್ದವನ್ನು ಮೆಟ್ಟಿಲು ಇಳಿದ ಹಾಗೆ ಇಳಿಸಿದರು: “ಶೀ ಈಸ್… ಆಲ್ಸೋ… ಫಾರ್ಮಸಿಸ್ಟ್. ನೌ ಶೀ ವಿಲ್ ಟೀಚ್ ಯು. ಪ್ಲೀಸ್… ಡೋಂಟ್ ಲಿಸನ್.”

ಔಷಧಗಾರ್ತಿ ಜೋರಾಗಿ ನಕ್ಕಳು. ಅವಳು ಗ್ರೀಕಿನಲ್ಲಿ ಹೇಳಿದ ಮೇಲೆ ಉಳಿದಿಬ್ಬರೂ ನಕ್ಕರು. ಯಾರೂ ನಿಲ್ಲಿಸಲಾಗದ ಹಳೆಯ ಠೀವಿಯಲ್ಲಿ ಇವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನನಗೆ ಅಳು ಬಂತು. ಮುಳ್ಳಿನ ನೋವಿಗೆ ಅಳುತ್ತಿದ್ದೇನೆಂದು ತಿಳಿದು ಸ್ತಮತಿಯಾ ನನ್ನ ತಲೆ ಸವರಿ ಇನ್ನಷ್ಟು ಎಣ್ಣೆ ಸುರಿದಳು.

ಔಷಧಗಾರ್ತಿ ಚಿಮುಟ ಕೈಗೆತ್ತಿಕೊಂಡು ತಲೆಯೆತ್ತಿದಳು. ಈ ಎರಡು ವರ್ಷ ಡಾಕ್ಟರು, ನರ್ಸು, ನೆರೆಯವರು, ಎಲ್ಲರೂ ಇವರೆದುರೇ ಇವರ ವಿಷಯವನ್ನು ನನ್ನನ್ನು ಕೇಳಿದ್ದರು. ಅವಳು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಇವಳಿಗೆ ತುಂಬ ನೋಯುತ್ತಿದೆಯೇ ಎಂದು ನನ್ನನ್ನಲ್ಲ, ಇವರನ್ನು ಕೇಳಿದಳು.